ಮಲಪ್ರಭೆಯ ಮೊದಲ ವಿಜ್ಞಾನ ಕಥೆ

"ಇದರಾಗ ಯಂತ್ರ ಇಲ್ಲ, ವಿಜ್ಞಾನಿ ಇಲ್ಲ. ಇದನ್ನ ವಿಜ್ಞಾನ ಕತಿ ಅಂತ ಹೆಂಗ ಅಂತೀ, ಶೀತಲ?"

ಸಿದ್ಧಾರೂಢ ಕನ್ನಡಕ ತೆಗೆದರು. ಓದಿ ಮುಗಿಸಿದ ಹಾಳೆಗಳು ಮಾತ್ರ ಅವರ ತೊಡೆಯ ಮೇಲೆಯೇ ಉಳಿದವು.

ಮುನವಳ್ಳಿಯ ಸುಂದರವ್ವನವರ ಪಡಸಾಲೆಯಲ್ಲಿ ಮೂವರೂ ಕುಳಿತಿದ್ದರು. ಶೀತಲ ಸವದತ್ತಿಯ ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ಮಲಪ್ರಭೆಯ ಆಸುಪಾಸಿನವರು ಬರೆದ ವಿಜ್ಞಾನ ಕಥೆಗಳನ್ನು ಕೂಡಿಸಿ ಪುಸ್ತಕ ತರುತ್ತಿದ್ದಳು. ಅವುಗಳ ಚರಿತ್ರೆ ಹೇಳುವ ಮುನ್ನುಡಿಯೊಂದು ಬಾಕಿ ಇತ್ತು. ಆ ಚರಿತ್ರೆ ಸಿದ್ಧಾರೂಢರಿಂದಲೇ ಶುರುವಾಗುತ್ತದೆಂದು ಎಲ್ಲರೂ ನಂಬಿದ್ದರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಅವರು ೧೯೭೬ರಲ್ಲಿ, ತಾನೇ ಯೋಚಿಸಿ ತೆರೆದುಕೊಳ್ಳುವ ಅಣೆಕಟ್ಟಿನ ಗೇಟಿನ ಕಥೆ ಬರೆದಿದ್ದರು. ಶೀತಲಳಿಗೆ ಹೈಸ್ಕೂಲಿನಲ್ಲೇ ಇಂಥ ಕಥೆಗಳ ರುಚಿ ಹತ್ತಿಸಿದ್ದು ಅವರ ಮನೆಯ ಪುಸ್ತಕದ ಕಪಾಟು.

ಹೋದ ವಾರ ಹಳೆಯ ಶಾಲೆಯೊಂದರ ಕೈಬರಹದ ಪತ್ರಿಕೆ ಸಿಕ್ಕಿತ್ತು. ಇಸವಿ ೧೯೬೯. ಆಗಿನ್ನೂ ಕಟ್ಟುತ್ತಿದ್ದ ಅಣೆಕಟ್ಟಿನ ನೀರಿನಲ್ಲಿ ತನ್ನೂರು ಮುಳುಗಿದ ಮೇಲೆ ಯಾವ ಮನೆಯೊಳಗೆ ಯಾವ ತಿಂಗಳು ಮೀನು ಬರುತ್ತವೆ ಎಂಬ ಕಥೆ. ಬರೆದವಳು ಏಳನೆಯ ತರಗತಿಯ ಸುಂದರವ್ವ. ಮುಂದೆ ಮುನವಳ್ಳಿಯ ಅರ್ಧ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ಆಕೆ ಮತ್ತೊಂದು ಕಥೆ ಬರೆದವರಲ್ಲ. ಈ ಸಂಗತಿಯನ್ನು ಫೋನಿನಲ್ಲಿ ಹೇಳಿ ಮುಗಿಸಲು ಮನಸ್ಸಾಗದೆ ಶೀತಲ ಸಿದ್ಧಾರೂಢರನ್ನೇ ಕಾರಿನಲ್ಲಿ ಕರೆತಂದಿದ್ದಳು.

"ಯಂತ್ರ ಯಾಕ ಬೇಕ್ರಿ ಸಾಹೇಬ್ರ?" ಎಂದರು ಸುಂದರವ್ವ. "ನಿಮ್ಮ ಕಡಿಯವರು ಬಂದು ನಮ್ಮ ಗ್ವಾಡಿ ಮ್ಯಾಲ ಸುಣ್ಣದ ಗೆರಿ ಎಳದ್ರು. ಇಲ್ಲೀಮಟ ನೀರು ಬರತೈತಿ ಅಂದ್ರು. ಮ್ಯಾಲ ಮೋಡ ಇಲ್ಲ, ಹೊಳಿ ಅಂದ್ರ ಮೈಲಿ ದೂರ. ಬರೇ ನಿಮ್ಮ ಲೆಕ್ಕ ನಂಬಿ ಊರಿಗೂರs ಇಲ್ಲದ ನೀರಾಗ ಅಡ್ಡಾಡಿತು. ಅದು ವಿಜ್ಞಾನ ಅಲ್ಲಂದ್ರ ಮತ್ತೇನ್ರಿ?"

ಸಿದ್ಧಾರೂಢ ಕನ್ನಡಕದ ಗಾಜು ಒರೆಸಿದರು. "ಆ ಗೆರಿ ಎಳದವರಾಗ ನಾನೂ ಒಬ್ಬಾಂವ. ಆಗಿನ್ನೂ ಹೊಸಾ ನೌಕರಿ."

ಮತ್ತೆ ಕನ್ನಡಕ ಏರಿಸಿ ಹಾಳೆ ತಿರುವಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. "ಮೀನು ಹೊಸ್ತಿಲಕ್ಕ ಶ್ರಾವಣದಾಗ, ಗ್ವಾಡಿಯೊಳಗಿನ ದೀಪದ ಮಾಡಕ್ಕ ದೀಪಾವಳಿಗೆ. ಇದನ್ನ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ರಿ. ಹೊಳಿಯಿಂದ ಮನೀಮಟ ಏರು ನಡದು ನಡದು ಅಳದೆ."

"ತಪ್ಪೈತಿ. ನೀರು ಬಂದದ್ದು ನೀವು ಬರದದ್ದಕ್ಕಿಂತ ಎರಡು ಮಳಿಗಾಲ ತಡಾ ಆಗಿ."

"ಅದಕ್ಕs ಅದು ಕತಿ ಆತ್ರಿ. ಲೆಕ್ಕ ಬರೊಬ್ಬರಿ ಇದ್ದಿದ್ರ ನಿಮ್ಮ ಆಫೀಸಿನ್ಯಾಗ ನನಗೂ ಒಂದು ಕುರ್ಚಿ ಹಾಕತಿದ್ರಿ."

ಸಿದ್ಧಾರೂಢರಿಗೆ ನಗು ಬಂತು. ತಡೆಯಲು ನೋಡಿ, ಆಗದೆ, ನಕ್ಕುಬಿಟ್ಟರು. ಆ ನಗು ಇಳಿಯುವತನಕ ಕಾದು ಶೀತಲ ಹೇಳಿದಳು:

"ಸರ, ಮುನ್ನುಡಿ ಅರವತ್ತೊಂಬತ್ತರಿಂದ ಶುರು ಮಾಡತೇನಿ."

ಒಪ್ಪಿಗೆ ಕೇಳುವ ದನಿ ಅದಾಗಿರಲಿಲ್ಲ. ಅದು ಅವರಿಗೂ ತಿಳಿಯಿತು. ಹಾಳೆಗಳನ್ನು ಅಂಚು ಕೂಡಿಸಿ ಸುಂದರವ್ವನವರ ಕೈಗೆ ಕೊಟ್ಟರು.

"ಮಾಡು. ಆದ್ರ ನಾ ಒಪ್ಪಲಿಲ್ಲ ಅಂತ ಕೆಳಗ ಒಂದು ಸಾಲು ಹಾಕು. ನನ್ನ ಹೆಸರ್ಲೇನs ಹಾಕು."

"ಹಾಕತೇನ್ರಿ."

"ಇಬ್ರೂ ಕುಂತು ಉಪ್ಪಿಟ್ಟು ತಿನ್ರಿ ಮೊದಲ," ಎಂದು ಸುಂದರವ್ವ ಒಳಗೆ ಎದ್ದು ಹೋದರು.

ಮರಳುವಾಗ ಹಿನ್ನೀರಿನ ಬದಿಗೆ ಸಿದ್ಧಾರೂಢ ಕಾರು ನಿಲ್ಲಿಸಲು ಹೇಳಿದರು. ಬಿಸಿಲು ಇಳಿಯುತ್ತಿತ್ತು. ದಂಡೆಯಿಂದ ಬಹಳ ದೂರ, ನಟ್ಟನಡುವೆ, ಮೀನು ಹಿಡಿಯುವವನೊಬ್ಬ ತೆಪ್ಪದಿಂದ ಕೆಳಗಿಳಿದ. ನೀರು ಅವನ ಮೊಣಕಾಲಿಗೂ ಮುಟ್ಟಲಿಲ್ಲ. ಮುಳುಗಿದ ಊರಿನ ಯಾವುದೋ ಗೋಡೆಯ ಮೇಲೆ ನಿಂತು ಅವನು ಸಾವಕಾಶವಾಗಿ ಬಲೆ ಬಿಡಿಸತೊಡಗಿದ.