ಗೂಳಿಯ ಹೆಸರಿನ ರಕ್ತ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮಣ್ಣ ಊರಿಗೆಲ್ಲ ಸಾರಿಕೊಂಡು ಬರುತ್ತಾನೆ. ಸಾರಲಿ. ಅವನ ಬಾಕ್ಸಿಂಗ್ ಶಾಲೆಯಲ್ಲಿ ಹುಡುಗರ ಕೈಗೆ ಪಟ್ಟಿ ಸುತ್ತುವವಳು ನಾನು. ಒಡೆದ ಹುಬ್ಬಿಗೆ ಹತ್ತಿ ಒತ್ತುವವಳು, ಮೂಗಿನಲ್ಲಿ ಸುರಿಯುವ ರಕ್ತ ನಿಲ್ಲಿಸುವವಳು ನಾನು. ದಿನವಿಡೀ ಬೇರೆಯವರ ರಕ್ತ ಒರೆಸುವವಳಿಗೆ ಸಿಟ್ಟು ಬರದೆ ಸಂಗೀತ ಬರುತ್ತದೆಯೇ?

ಅಣ್ಣನ ಮಗನನ್ನು ಎಲ್ಲರೂ ಗೂಳಿ ಎನ್ನುತ್ತಾರೆ. ತಲೆ ತಗ್ಗಿಸಿ ನುಗ್ಗಿದನೆಂದರೆ ಎದುರಿಗೆ ಯಾರಿದ್ದಾರೆಂದು ನೋಡುವ ಜಾಯಮಾನವಲ್ಲ. ನನ್ನ ಮಗನಿಗೆ ಗೋಡೆ ಎಂದು ಹೆಸರು. ಗೂಳಿಯ ಕೈ ಪಳಗಲಿ ಎಂದು ಅವನೆದುರು ನಿಂತು ಏಟು ತಿನ್ನುವುದೇ ನನ್ನ ಮಗನ ಕೆಲಸ. ನನ್ನ ಗಂಡ ಹೋದ ಮೇಲೆ ಅಣ್ಣ ನಮ್ಮಿಬ್ಬರನ್ನೂ ಸಾಕಿದ. ಆ ಉಪಕಾರಕ್ಕೆ ನನ್ನ ಮಗ ತನ್ನ ಮುಖವನ್ನೇ ಕೊಟ್ಟಿದ್ದ.

ಭಾನುವಾರ ಗೂಳಿಗೆ ದೊಡ್ಡ ಪಂದ್ಯವಿತ್ತು. ಗೆದ್ದರೆ ದೇಶದ ತಂಡಕ್ಕೆ ಸೇರುತ್ತಿದ್ದ. ಅಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿಕೊಂಡಿತು. ಶಾಲೆಯ ಹಳೆಯ ಸುಣ್ಣ ಕೆರೆದು ಹೊಸದಾಗಿ ಬಳಿಯುತ್ತಿದ್ದರು. ಧೂಳು ಎಲ್ಲರ ಗಂಟಲಿಗೂ ಇಳಿದಿತ್ತು. ಆದರೆ ಅಣ್ಣನ ಜೀವ ಅರ್ಧ ಹೋಯಿತು, ಏಕೆಂದರೆ ಪಂದ್ಯಕ್ಕೆ ಮುಂಚೆ ರಕ್ತ ಪರೀಕ್ಷೆ ಆಗಲೇಬೇಕಿತ್ತು. ಕಳೆದ ವರ್ಷ ಒಬ್ಬ ಹುಡುಗ ಸಣ್ಣ ಜ್ವರ ಮುಚ್ಚಿಟ್ಟುಕೊಂಡು ರಿಂಗಿಗೆ ಹತ್ತಿ, ಒಂದು ಏಟೂ ಬೀಳದೆ ಸತ್ತುಬಿದ್ದಿದ್ದ. ಶ್ವಾಸಕೋಶಕ್ಕೆ ಬಂದ ವೈರಸ್ ಹೃದಯಕ್ಕೂ ತಗುಲಿತ್ತು. ಅಂದಿನಿಂದ ಈ ಪರೀಕ್ಷೆ ಎಲ್ಲರಿಗೂ ಕಡ್ಡಾಯವಾಗಿತ್ತು.

ಆಗ ಡಾಕ್ಟರಮ್ಮ ಒಬ್ಬರು ನಮ್ಮ ಶಾಲೆಗೇ ಬಂದು ಹುಡುಗರನ್ನು ಕೂರಿಸಿಕೊಂಡು ಹೇಳಿದ್ದರು.

"ಮೂಗಿಗೆ ಕಡ್ಡಿ ಹಾಕಿ ವೈರಸ್ ಹುಡುಕೋದು ಒಂದು ದಾರಿ. ಇದು ಬೇರೆ. ವೈರಸ್ ಒಳಗೆ ಬಂದ್ರೆ ಮೈ ಜಗಳಕ್ಕೆ ನಿಲ್ಲುತ್ತೆ. ಆ ಜಗಳದ ಗುರುತು ರಕ್ತದಲ್ಲಿ ಕಾಣುತ್ತೆ. ಕೆಮ್ಮು, ಜ್ವರ ಬರೋಕೆ ಮುಂಚೆನೂ ಕಾಣಬಹುದು."

"ಅಂದ್ರೆ ಒಳಗೇ ಒಂದು ಮ್ಯಾಚ್ ನಡೀತಿರುತ್ತೆ," ಎಂದ ನನ್ನ ಮಗ.

ಎಲ್ಲರೂ ನಕ್ಕರು, ಡಾಕ್ಟರಮ್ಮನೂ. "ಹೌದಪ್ಪ. ಅದು ಮುಗಿಯೋವರೆಗೂ ಹೊರಗಿನ ಮ್ಯಾಚ್ ಬೇಡ. ಆಡಿದ್ರೆ ಹೃದಯ ತಡೆಯಲ್ಲ."

ಆ ಮಾತು ನಮ್ಮ ಶಾಲೆಯ ಯಾರ ಕಿವಿಗೂ ಹೋಗಲಿಲ್ಲ. ರಕ್ತ ಪರೀಕ್ಷೆ ಎಂದರೆ ಅವರ ಪಾಲಿಗೆ ತೂಕ ನೋಡಿದ ಹಾಗೆ, ಗ್ಲೌಸಿಗೆ ಮುದ್ರೆ ಒತ್ತಿದ ಹಾಗೆ. ಮುದ್ರೆ ಬಿತ್ತು, ಒಳಗೆ ಬಿಟ್ಟರು, ಮುಗಿಯಿತು.

ಗುರುವಾರ ಅಣ್ಣನ ಫೋನಿಗೆ ವರದಿ ಬಂತು. ಗೂಳಿಯ ರಕ್ತದಲ್ಲಿ ವೈರಸ್ ಸೋಂಕಿನ ಗುರುತಿದೆ, ಭಾನುವಾರ ಆಡುವ ಹಾಗಿಲ್ಲ, ಮೈ ದಣಿಸದೆ ಮಲಗಿರಬೇಕು ಎಂದು.

ಗೂಳಿ ಮೊದಲು ಕುರ್ಚಿ ಎತ್ತಿ ಕನ್ನಡಿಗೆ ಎಸೆದ. ಗೋಡೆಯಗಲದ ಕನ್ನಡಿ ಚೂರುಚೂರಾಗಿ ಸುರಿಯಿತು. ಆಮೇಲೆ ಮರಳು ಚೀಲಕ್ಕೆ ಬರಿಗೈಯಲ್ಲಿ ಗುದ್ದಿ ಗುದ್ದಿ ಬೆರಳ ಗೆಣ್ಣು ಸುಲಿದುಕೊಂಡ. ಅಣ್ಣ ತಲೆ ಮೇಲೆ ಕೈ ಹೊತ್ತು ಬೆಂಚಿನ ಮೇಲೆ ಕೂತಿದ್ದ.

"ಅತ್ತೆ, ಪಟ್ಟಿ ಸುತ್ತು," ಎಂದು ಗೂಳಿ ಕೈ ಚಾಚಿದ. "ಗೋಡೆನ ಕರಿ. ರಿಂಗಿಗೆ ಬರ್ಲಿ."

"ಮಲಗು ಅಂದಿದಾರಲ್ಲೋ ನಿಂಗೆ. ಹೃದಯ ನಿಂತುಹೋದ್ರೆ?"

"ನಂಗೇನೂ ಆಗಿಲ್ಲ. ನೀನು ಸುತ್ತು ಸಾಕು."

ನಾನು ಅಣ್ಣನನ್ನು ನೋಡಿದೆ. ಅವನು ಸುತ್ತು ಎಂದು ಕೈಸನ್ನೆ ಮಾಡಿದ. ಅಪ್ಪನೇ ಸರಿ ಎಂದ ಮೇಲೆ ನನ್ನದೇನು ಎಂದುಕೊಂಡು ಸುತ್ತಿದೆ. ಮುಂಗೈಯಿಂದ ಭುಜದವರೆಗೆ ಅವನ ತೋಳು ಬೆವರಿ ಮಿನುಗುತ್ತಿತ್ತು, ಒಂದು ಗೀರೂ ಇರಲಿಲ್ಲ. ಆಮೇಲೆ ನನ್ನ ಮಗ ಬಂದು ಕೂತ. ಉದ್ದ ತೋಳಿನ ಜಾಕೆಟ್ ಹಾಕಿದ್ದ.

"ಕೈ ಬಿಸಿ ಇದೆಯಲ್ಲೋ?"

"ಈಗಷ್ಟೇ ಸ್ಕಿಪ್ಪಿಂಗ್ ಆಡಿದೆ ಕಣಮ್ಮ."

ಸುಳ್ಳು ಹೇಳುವಾಗ ಅವನು ಯಾವಾಗಲೂ ನೆಲ ನೋಡುತ್ತಾನೆ. ಆಗಲೂ ನೆಲವನ್ನೇ ನೋಡುತ್ತಿದ್ದ. ಸೋದರಳಿಯನ ರಂಪಾಟದಲ್ಲಿ ನನಗೆ ಅದು ಹೊಳೆಯಲಿಲ್ಲ.

ಅದು ಅಭ್ಯಾಸದ ಆಟವಾಗಿರಲಿಲ್ಲ, ದನಕ್ಕೆ ಬಡಿದ ಹಾಗೆ ಬಡಿದ. ಹೊಟ್ಟೆಗೆ, ಪಕ್ಕೆಗೆ, ದವಡೆಗೆ. ಮಗನ ತುಟಿ ಸೀಳಿತು. ಹಲ್ಲಿಗೆ ಹಾಕುವ ರಬ್ಬರ್ ಕಾಪು ಹಾರಿ ನನ್ನ ಕಾಲ ಬಳಿ ಬಿತ್ತು. ಅವನು ಕೈ ಎತ್ತಿ ಮುಖ ಮುಚ್ಚಿಕೊಳ್ಳಲೂ ಇಲ್ಲ. ಕೊಡುವುದನ್ನೆಲ್ಲ ಕೊಡು ಎಂಬಂತೆ ಹಗ್ಗಕ್ಕೆ ಒರಗಿ ನಿಂತಿದ್ದ. ಪ್ರತಿ ಏಟಿಗೂ ಗೂಳಿ ಹಲ್ಲು ಕಚ್ಚಿ ಒಂದೇ ಮಾತು ಹೇಳುತ್ತಿದ್ದ.

"ನಿನ್ನಿಂದ. ಎಲ್ಲಾ ನಿನ್ನಿಂದ."

ಇವನಿಂದ ಏನಾಯಿತು ಎಂದು ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಒಂದು ಏಟಿಗೆ ಮಗ ತಿರುಗಿದಾಗ ಜಾಕೆಟ್ಟಿನ ತೋಳು ಹಗ್ಗಕ್ಕೆ ಸಿಕ್ಕಿ ಮೇಲೆ ಸರಿಯಿತು. ಮೊಣಕೈಯ ಒಳಮಡಿಕೆಯಲ್ಲಿ ಹತ್ತಿ ಇಟ್ಟು ಅಂಟಿಸಿದ ಪ್ಲಾಸ್ಟರ್ ಕಂಡಿತು. ಸೂಜಿ ಚುಚ್ಚಿದ ಜಾಗ.

ಗೂಳಿಯ ತೋಳಿನಲ್ಲಿ ಸೂಜಿಯ ಗುರುತೇ ಇರಲಿಲ್ಲ.

"ಅಣ್ಣ, ಲ್ಯಾಬಲ್ಲಿ ಯಾರ ರಕ್ತ ಕೊಟ್ರಿ?"

"ಮೆಲ್ಲಗೆ ಮಾತಾಡು. ಹುಡುಗರಿದಾರೆ."

"ಯಾರದು ಅಂದೆ."

"ಇವನಿಗೆ ಕೆಮ್ಮಿತ್ತಲ್ಲ, ಭಯ ಆಯ್ತು. ಗೋಡೆ ಗುಂಡುಕಲ್ಲಿನ ಹಾಗಿದಾನೆ ಅಂತ ಅವನನ್ನ ಕಳಿಸ್ದೆ. ಅಲ್ಲಿ ಹೆಸರು ಕೇಳ್ತಾರೆ, ಮುಖ ಯಾರು ನೋಡ್ತಾರೆ? ಯಾವ ಶನಿ ವಕ್ಕರಿಸ್ತೋ, ಹೀಗಾಯ್ತು."

"ಅಯ್ಯೋ ಬೆಪ್ಪೇ, ಹಾಗಾದ್ರೆ ರೋಗ ಯಾರಿಗೆ?"

ಅಣ್ಣ ರಿಂಗಿನ ಕಡೆ ತಿರುಗಿ ನನ್ನ ಮಗನನ್ನು ನೋಡಿದ. ದೇವರಾಣೆ, ಆ ಕ್ಷಣದವರೆಗೆ ಅವನಿಗೆ ಅದು ಹೊಳೆದಿರಲಿಲ್ಲ. ಅವನಿಗೂ ಇಲ್ಲ, ಗೂಳಿಗೂ ಇಲ್ಲ, ರಕ್ತ ಕೊಟ್ಟು ಮೈ ಬಿಸಿಯಾಗಿದ್ದ ನನ್ನ ಮಗನಿಗೂ ಇಲ್ಲ. ವರದಿಯ ಮೇಲೆ ಗೂಳಿಯ ಹೆಸರಿತ್ತು, ಆದ್ದರಿಂದ ನಷ್ಟ ಗೂಳಿಯದು ಎಂದೇ ಮೂವರ ಲೆಕ್ಕ. ಆ ರಕ್ತ ಒಂದು ಮೈಯಿಂದ ಬಂದದ್ದು ಎಂಬುದು ಮೂರು ತಲೆಗಳಲ್ಲಿ ಒಂದಕ್ಕೂ ಹೋಗಿರಲಿಲ್ಲ.

ನಾನು ಹಗ್ಗದ ನಡುವೆ ನುಗ್ಗಿದೆ. ಗೂಳಿಯ ಒಂದು ಏಟು ನನ್ನ ಕಿವಿಗೇ ಬಿತ್ತು, ಕಣ್ಣು ಕತ್ತಲಿಟ್ಟಿತು. ರಿಂಗಿನ ಮೂಲೆಯಲ್ಲಿದ್ದ ನೀರಿನ ಬಕೆಟ್ ಎತ್ತಿ ಅವನ ಮುಖಕ್ಕೆ ಬೀಸಿದೆ. ಅವನು ಕೂತುಬಿಟ್ಟ. ಮಗ ನನ್ನ ಕಡೆ ಒಂದು ಹೆಜ್ಜೆ ಇಟ್ಟ. ಆಗ ಅವನಿಗೆ ಯಾರೂ ಹೊಡೆಯುತ್ತಿರಲಿಲ್ಲ. ಎದೆಯ ಮೇಲೆ ಗ್ಲೌಸ್ ಒತ್ತಿಕೊಂಡು, ಹಗ್ಗ ಸವರುತ್ತ ಕುಸಿದ.

ಆಸ್ಪತ್ರೆಯಲ್ಲಿ ಡಾಕ್ಟರು ಒಡೆದ ತುಟಿ, ಊದಿದ ದವಡೆ ನೋಡಿ, "ತಲೆಗೆ ಏಟು ಬಿತ್ತಾ?" ಎಂದರು.

"ಹೌದು ಸಾರ್, ತಲೆಗೆ," ಎಂದ ಅಣ್ಣ ನನಗಿಂತ ಮುಂಚೆ. ಮಗನ ಮಂಚವನ್ನು ತಲೆ ಸ್ಕ್ಯಾನ್ ಮಾಡುವ ಕೋಣೆಯ ಕಡೆ ತಳ್ಳತೊಡಗಿದರು. ಅಣ್ಣ ನನ್ನ ಮಣಿಕಟ್ಟು ಹಿಡಿದುಕೊಂಡ. "ನಿನ್ನ ಕಾಲಿಗೆ ಬೀಳ್ತೀನಿ, ಬಾಯಿ ಬಿಡಬೇಡ. ರಕ್ತ ಬದಲಾಯಿಸಿದ್ದು ಗೊತ್ತಾದ್ರೆ ಗೂಳಿನ ಜೀವಮಾನ ಪೂರ್ತಿ ಆಟದಿಂದ ಹೊರಗೆ ಹಾಕ್ತಾರೆ."

ನಾನು ಅವನ ಕೈ ಕಚ್ಚಿದೆ. ನಾಲಿಗೆಗೆ ಉಪ್ಪು ತಾಗುವಷ್ಟು ಕಚ್ಚಿದೆ. ಬಿಟ್ಟ.

"ಸಾರ್, ತಲೆ ಅಲ್ಲ, ಎದೆ," ಎಂದು ಮಂಚಕ್ಕೆ ಅಡ್ಡ ನಿಂತೆ. "ನಮ್ಮಣ್ಣನ ಮಗನ ಹೆಸರಲ್ಲಿ ಇವನು ರಕ್ತ ಕೊಟ್ಟಿದಾನೆ. ವೈರಸ್ ಇದೆ ಅಂತ ಬಂದಿದೆ. ಅದು ಇವನದು."

ಡಾಕ್ಟರು ಒಂದು ಕ್ಷಣ ನನ್ನ ಮುಖ ನೋಡಿ, ಮಂಚ ತಿರುಗಿಸಿ ಎಂದರು. ಎದೆಗೆ ತಂತಿಗಳನ್ನು ಅಂಟಿಸುವಷ್ಟರಲ್ಲೇ ಹೃದಯ ತಾಳ ತಪ್ಪಿತು. ಎದೆಗೆ ಕರೆಂಟ್ ಕೊಟ್ಟರು. ಏಟಿಗೆ ಏಟು ಕೊಡದ ಆ ಮೈ ಮಂಚದಿಂದ ಎಗರಿ ಬಿತ್ತು. ಇನ್ನೊಮ್ಮೆ ಕೊಟ್ಟರು. ನಾನು ಬಾಗಿಲಿಗೆ ಹಣೆ ಚಚ್ಚಿಕೊಂಡು ನಿಂತಿದ್ದೆ. ಸ್ಕ್ಯಾನಿಗೆ ಹೋಗಿದ್ದರೆ ಆ ಕೋಣೆಯಲ್ಲೇ ಹೋಗಿಬಿಡುತ್ತಿದ್ದ ಎಂದು ಆಮೇಲೆ ನರ್ಸ್ ಹೇಳಿದಳು.

ಸಂಜೆ ಅವನು ಕಣ್ಣು ಬಿಟ್ಟ.

"ಯಾಕೋ ಹತ್ತಿದೆ ರಿಂಗಿಗೆ? ಕೈಯಾದ್ರೂ ಎತ್ತಬಾರದಿತ್ತಾ?"

"ನನ್ನ ರಕ್ತ ಕೊಟ್ಟಿದ್ದಕ್ಕೇ ತಾನೇ ಭಾವನ ಮ್ಯಾಚ್ ಹೋಗಿದ್ದು," ಎಂದ, ಒಡೆದ ತುಟಿಯಲ್ಲಿ. "ನಾಲ್ಕು ಏಟು ತಿಂದ್ರೆ ಅವನ ಸಿಟ್ಟು ಇಳಿಯುತ್ತೆ ಅಂದ್ಕೊಂಡೆ ಅಮ್ಮ."

ಅವನ ಹಣೆ ಒರೆಸಿ ಹೊರಗೆ ಬಂದೆ.

ಹೊರಗೆ ಬೆಂಚಿನ ಮೇಲೆ ಅಣ್ಣ, ಗೂಳಿ ಇಬ್ಬರೂ ಕೂತಿದ್ದರು. ಮಗನ ಜೊತೆ ಒಂದೇ ಕೋಣೆಯಲ್ಲಿ ಉಸಿರಾಡಿದವರೆಂದು ಡಾಕ್ಟರು ನಮ್ಮ ಮೂವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ಅಷ್ಟರಲ್ಲಿ ಅವರೇ ಬಂದರು.

"ನಿಮ್ಮ ಮಗ ಉಳ್ಕೋತಾನಮ್ಮ. ಆದರೆ ಇನ್ನು ಗ್ಲೌಸ್ ಹಾಕೋ ಹಾಗಿಲ್ಲ. ಆ ಹೃದಯ ಇನ್ನೊಂದು ಆಟ ತಡೆಯಲ್ಲ." ಆಮೇಲೆ ಗೂಳಿಯ ಕಡೆ ತಿರುಗಿದರು. "ನಿನ್ನ ರಕ್ತದಲ್ಲಿ ಸೋಂಕಿನ ಗುರುತೇ ಇಲ್ಲ. ಆ ಕೆಮ್ಮು ಸುಣ್ಣದ ಧೂಳಿಂದು. ನಿನ್ನ ರಕ್ತಾನೇ ಕೊಟ್ಟಿದ್ರೆ ನಿನ್ನನ್ನ ಯಾರೂ ತಡೀತಿರಲಿಲ್ಲ."

ಡಾಕ್ಟರು ಹೋದರು. ಗೂಳಿ ಬಾತ ಕೈಗಳ ನಡುವೆ ಮುಖ ಹುದುಗಿಸಿ ಬಿಕ್ಕತೊಡಗಿದ. ನಾನು ಅವನ ತಲೆ ಮೇಲೆ ಕೈ ಇಡಬೇಕೆಂದು ಬಗ್ಗಿದ್ದೆ. ಅಷ್ಟರಲ್ಲಿ ಅಣ್ಣನ ಮುಖ ಅರಳಿದ್ದು ಕಂಡಿತು. ಗಾಜಿನ ಬಾಗಿಲ ಆಚೆ ನನ್ನ ಮಗ ತಂತಿಗಳ ನಡುವೆ ಮಲಗಿದ್ದ, ಇವನು ಮುಖ ಅರಳಿಸಿಕೊಂಡು ಕೇಳಿದ.

"ಹಾಗಾದ್ರೆ, ಭಾನುವಾರಕ್ಕೆ ಇನ್ನೂ ಟೈಮ್ ಇದೆ ಅಲ್ವಾ?"

ಚಿಕ್ಕಂದಿನಲ್ಲಿ ಹಿತ್ತಿಲಿನಲ್ಲಿ ನನಗೆ ಗುದ್ದುವುದನ್ನು ಕಲಿಸಿದವನು ಅವನೇ. ಭುಜ ಸಡಿಲ ಬಿಡು, ಹಿಮ್ಮಡಿ ಎತ್ತು, ಸೊಂಟದಿಂದ ತಿರುಗು. ಹೇಳಿಕೊಟ್ಟ ಹಾಗೆಯೇ ಗುದ್ದಿದೆ. ಮೂಗಿನ ಎಲುಬು ಲಟಕ್ಕೆಂದಿತು. ಅವನು ಬೆಂಚಿನ ಹಿಂದಕ್ಕೆ ಉರುಳಿ, ಎರಡು ಕೈಯಲ್ಲೂ ಮೂಗು ಹಿಡಿದುಕೊಂಡು ನನ್ನತ್ತ ನೋಡಿದ. ಬೆರಳ ಸಂದಿಯಿಂದ ರಕ್ತ ಅಂಗಿಯ ಮೇಲೆ ಸುರಿಯುತ್ತಿತ್ತು. ಎಷ್ಟೋ ವರ್ಷದ ಅಭ್ಯಾಸದಿಂದ, ನಾನು ಹತ್ತಿ ತೆಗೆಯುವುದನ್ನೇ ಅವನು ಕಾಯುತ್ತಿದ್ದ.

ಹತ್ತಿ ನನ್ನ ಜೇಬಿನಲ್ಲೇ ಇತ್ತು. ನಾನು ಬಾಗಿಲು ತಳ್ಳಿ ಮಗನ ಹತ್ತಿರ ಹೋಗಿ ಕೂತೆ.