ಕಿರ್ ಅಂದರೆ ಶುದ್ಧ

ಮೂರನೇ ಪಟ್ಟಿ ಬಿಳಿ, ಹಾಲಿನ ಹಾಗೆ ಬಿಳಿ, ಇಲ್ಲಿ ಸಂಶೋಧನೆ ಮಾಡುವ ಹುಡುಗಿ ತನ್ನ ಪ್ರಯೋಗದ ಎಕ್ಸ್‌ರೇ ಫಿಲಮ್ಮನ್ನು ಕಿಟಕಿಯ ಗಾಜಿಗೆ ಅಂಟಿಸಿ ಹೋಗಿದ್ದಾಳೆ, ಬಿಸಿಲು ಅದರೊಳಗಿಂದ ಹಾಯ್ದು ನನ್ನ ತೊಳೆಯುವ ತೊಟ್ಟಿಯ ಅಂಚಿಗೆ ಬಿದ್ದಿದೆ, ಮೊದಲ ಎರಡು ಪಟ್ಟಿಗಳಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು, ಅವು ಪಕ್ಕದ ಮೇಜಿನ ಕನ್ನಡಕದವರದ್ದು, ಅವರ ಪ್ರೋಟೀನು ಏನನ್ನೋ ಹಿಡಿದಿದೆ, ಮೂರನೇದು ಇವಳದ್ದು, ಅದು ಹಿಡಿದಿಲ್ಲ, ಮೂರು ವರ್ಷದ ಕೆಲಸ ಮಾಮ, ಹೋಯ್ತು, ಅಂದಳು ಬೆಳಿಗ್ಗೆ, ಅಳಲಿಲ್ಲ, ಅತ್ತಿದ್ದರೆ ಒಂದು ಬುರುಡೆ ಬಿಟ್ಟು ನಗಿಸುತ್ತಿದ್ದೆ — ನನ್ನ ಹೆಸರೇ ಇಲ್ಲಿ ಬುರುಡೆ ಮಾಮ, ನಾನು ತೊಳೆದ ಬಾಟಲಿ ಎಷ್ಟು ಶುಭ್ರ ಅಂದರೆ ಗುಬ್ಬಚ್ಚಿಯೊಂದು ಗಾಜು ಇರುವುದೇ ತಿಳಿಯದೆ ಒಳಗೆ ಗೂಡು ಕಟ್ಟಿ ಮೂರು ಮರಿ ಮಾಡಿತು, ಅಂದರೆ ಇಡೀ ಪ್ರಯೋಗಾಲಯ ಬಿದ್ದು ಬಿದ್ದು ನಗುತ್ತದೆ, ನಕ್ಕು ಕೈಗವಸು ಏರಿಸಿಕೊಂಡು ತಮ್ಮ ತಮ್ಮ ಮೇಜಿಗೆ ಹೋಗುತ್ತದೆ, ಆಮೇಲೆ ನಾನು, ತೊಟ್ಟಿ, ನಲ್ಲಿ. ನನ್ನ ಓದು ಎರಡನೇ ಕ್ಲಾಸು, ಅದೂ ಮೇಷ್ಟ್ರು ಬೇಜಾರಾಗಿ ಪಾಸು ಮಾಡಿದ್ದು, ಆದರೆ ಹುಡುಗಿ ನನಗೂ ಹೇಳಿಕೊಟ್ಟಿದ್ದಾಳೆ, ಮಾಮ, ಜೀವಕೋಶ ಅಂದ್ರೆ ಕಿಕ್ಕಿರಿದ ಬಸ್ಸು ಅಂದ್ಕೊಳ್ಳಿ, ಅದ್ರಲ್ಲಿ ನಮ್ಮ ಪ್ರೋಟೀನು ಯಾವ ಯಾವ ಆರ್‌ಎನ್‌ಎ ಕೈ ಹಿಡ್ಕೊಂಡಿದೆ ಅಂತ ಗೊತ್ತಾಗ್ಬೇಕು, ಅದಕ್ಕೇ ನೇರಳಾತೀತ ಬೆಳಕು ಹಾಯಿಸ್ತೀವಿ, ಆ ಕ್ಷಣಕ್ಕೆ ಹಿಡಿದ ಕೈ ಹಾಗೇ ಬೆಸೆದುಹೋಗತ್ತೆ, ಆಮೇಲೆ ಅದೊಂದನ್ನೇ ಗುರುತು ಹಿಡಿಯೋ ಮಣಿ ಹಾಕಿ, ಆಯಸ್ಕಾಂತಕ್ಕೆ ಎಳೆದು, ಉಪ್ಪುನೀರಲ್ಲಿ ಮತ್ತೆ ಮತ್ತೆ ತೊಳೀತೀವಿ, ಸುಮ್ನೆ ಪಕ್ಕ ನಿಂತೋರೆಲ್ಲ ಹರ್ಕೊಂಡು ಹೋಗ್ತಾರೆ, ನಿಜವಾಗಿ ಕೈ ಹಿಡಿದೋರು ಮಾತ್ರ ಉಳಿದು ಫಿಲಮ್ಮಲ್ಲಿ ಕಪ್ಪಗೆ ಕಾಣ್ತಾರೆ. ಎಷ್ಟು ಚೆಂದದ ಕೆಲಸ ಅನ್ನಿಸಿತ್ತು ಆವತ್ತು, ಮನೆಗೆ ಹೋಗುತ್ತಾ ಬಸ್ಸಿನ ಕಂಬಿ ಹಿಡಿದು ನಿಂತು ಯೋಚಿಸಿದ್ದೆ, ಈಗ ಆ ಬೆಳಕು ಬಿದ್ದರೆ ನಾನು ಈ ಕಂಬಿಗೇ ಅಂಟಿಕೊಳ್ಳುತ್ತೇನಲ್ಲ, ಇನ್ನೇನಿದೆ ಈ ಕೈಯಲ್ಲಿ, ನನ್ನವಳು ಹೋಗಿ ನಾಲ್ಕು ವರ್ಷ.

ಅವಳ ಕಾಲದಲ್ಲಿ ಮನೆಯಲ್ಲಿ ಪಾತ್ರೆ ತೊಳೆಯುವುದು ನಾನು, ಪಾಸು ಮಾಡುವುದು ಅವಳು, ಬೆರಳ ತುದಿ ನಾಲಿಗೆಗೆ ತಾಗಿಸಿ ಲೋಟದ ಅಂಚಿಗೆ ಒಂದು ಸುತ್ತು ಉಜ್ಜುವುದು, ಕಿರ್ ಅಂದರೆ ಶುದ್ಧ, ಜಾರಿದರೆ ಜಿಡ್ಡು, ಹೋಗಿ ಇನ್ನೊಂದ್ಸಲ ತಿಕ್ಕಿ, ಬಾಯಲ್ಲಿ ಆನೆ ಹಾರಿಸೋರಿಗೆ ಒಂದು ಲೋಟ ತೊಳೆಯೋಕೆ ಬರಲ್ವಾ, ಅನ್ನುವಳು, ಈಗ ಇರುವುದು ಒಂದೇ ಲೋಟ, ಈಗಲೂ ಉಜ್ಜಿ ನೋಡುತ್ತೇನೆ — ಈಗ, ಇಲ್ಲಿ, ಟೀ ಕುಡಿದ ಈ ಲೋಟದ ಮೇಲೂ ಬೆರಳು ತಾನಾಗಿ ಸುತ್ತುತ್ತಿದೆ, ಕಿರ್, ಅಯ್ಯೋ. ಕೆಂಪು ಟೇಪಿನ ಬಾಟಲಿ. ಹೋದ ವಾರ ಹುಡುಗಿಯೇ ತಂದುಕೊಟ್ಟದ್ದು, ಮಾಮ, ಉಪ್ಪುನೀರಿನ ಬಾಟಲಿ ಇದು, ಸ್ವಲ್ಪ ಚೆನ್ನಾಗಿ ತೊಳೀರಿ, ಈ ಜೀವಕೋಶ ಮತ್ತೆ ಸಿಗಲ್ಲ, ಅಂದಿದ್ದಳು, ನಾನು ಮೂರು ಸಲ ತೊಳೆದೆ, ಬಾಟಲಿ ಕಾಯಿಸುವ ಒಲೆಯಲ್ಲಿಟ್ಟು ಸುಟ್ಟೆ, ಆರಿದ ಮೇಲೂ ಸಮಾಧಾನವಿಲ್ಲ, ನಮ್ಮ ಹುಡುಗಿಯ ಬಾಟಲಿ ಅಂತ ಕೈಗವಸು ಕಿತ್ತು, ಬೆರಳು ನಾಲಿಗೆಗೆ ತಾಗಿಸಿ, ಬಾಟಲಿಯ ಬಾಯೊಳಗೆ ಒಂದು ಸುತ್ತು, ಕಿರ್ ಅಂದಿತು, ಎಷ್ಟು ಖುಷಿಯಾಗಿತ್ತು. ಬಾಗಿಲ ಮೇಲೆ ಬರಿಗೈಯ ಚಿತ್ರಕ್ಕೆ ಅಡ್ಡಗೆರೆ ಎಳೆದಿದ್ದಾರೆ, ಬೆವರಲ್ಲಿ ಎಂಜಲಲ್ಲಿ ಆರ್‌ಎನ್‌ಎ ತಿಂದುಹಾಕೋದು ಇರತ್ತೆ ಮಾಮ, ಒಂದು ಚೂರು ಸಾಕು, ಅಂತ ನೂರು ಸಲ ಹೇಳಿದ್ದಾರೆ. ಅವಳ ಪ್ರೋಟೀನು ಹಿಡಿದಿತ್ತು, ಹಿಡಿದೇ ಇತ್ತು, ಹಿಡಿದ ಕೈಯನ್ನು ತಿಂದವನು ನಾನು, ಮೂರನೇ ಪಟ್ಟಿ ಬಿಳಿ.

ಹೇಳಿದರೆ ಕೆಲಸ ಹೋಗುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತು, ಈ ಕೆಲಸ ಹೋದರೆ ನಾನು ಯಾರಿಗೆ ಮಾಮ, ಯಾರಿಗೆ ಬುರುಡೆ ಬಿಡಲಿ, ಗೋಡೆಗೆ ಬಿಟ್ಟರೆ ಗೋಡೆ ನಗುತ್ತದೆಯೇ — ಆದರೆ ಅದೇ ಜೀವಕೋಶದ ಅರ್ಧ ಪಾಲು ಹಿಮದ ಪೆಟ್ಟಿಗೆಯಲ್ಲಿ ಉಳಿದಿದೆ, ಇವತ್ತು ಎಲ್ಲ ಖಾಲಿ ಮಾಡಿ ಬರೆದು ಮುಗಿಸ್ತೀನಿ, ನನ್ನ ಪ್ರೋಟೀನು ಏನನ್ನೂ ಹಿಡಿಯಲ್ಲ ಅಂತ ಬರೀತೀನಿ, ಅಂದಿದ್ದಳಲ್ಲ, ಕೇಳಿಸುತ್ತಿದೆ, ಪೆಟ್ಟಿಗೆಯ ಮುಚ್ಚಳ ಕಿತ್ತು ಬಂದ ಸದ್ದು, ಕಾಲು ಓಡುತ್ತಿದೆ, ಒದ್ದೆ ಕೈ ಒರೆಸಿಕೊಂಡಿಲ್ಲ. ಅವಳ ಎಡಗೈಯಲ್ಲಿ ಆ ಜೀವಕೋಶದ ಕೊಳವೆ, ಸುತ್ತ ಹೊಗೆಯ ಹಾಗೆ ಚಳಿ, ಕಾಲ ಬಳಿ ಕಸದ ಹಳದಿ ಚೀಲ. ಎಸೀಬೇಡ ಕಣಮ್ಮ, ನಾನೇ ಹಾಳು ಮಾಡಿದ್ದು, ನಿನ್ನ ಬಾಟಲಿಗೆ ಎಂಜಲು ಬೆರಳು ಹಾಕಿದೆ. ನೋಡಿದಳು, ನಕ್ಕಳು, ಬೆಳಿಗ್ಗೆಯಿಂದ ಮೊದಲ ಸಲ ನಕ್ಕಳು, ಸಮಾಧಾನ ಮಾಡೋಕೆ ಎಂಥಾ ಬುರುಡೆ ಮಾಮ, ಇದು ಗುಬ್ಬಚ್ಚಿಗಿಂತ ಚೆನ್ನಾಗಿದೆ. ಅಲ್ಲಮ್ಮ, ಇದು ನಿಜ. ಆವತ್ತು ಆನೆ ಸೀನಿದ ಕಥೆನೂ ನಿಜ ಅಂದಿದ್ರಿ, ಅಂದಳು. ಕನ್ನಡಕದವರೂ ನಗುತ್ತಿದ್ದಾರೆ, ಮಾಮನ ಬೆರಳು ಅಂದ್ರೆ ಸುಮ್ನೇನಾ, ಅನ್ನುತ್ತಿದ್ದಾರೆ, ಇವಳು ಕೊಳವೆಯನ್ನು ಚೀಲದ ಮೇಲೆ ಹಿಡಿದಿದ್ದಾಳೆ, ಐವತ್ತೆಂಟು ವರ್ಷ ಆಡಿದ ಸುಳ್ಳೆಲ್ಲ ಸಾಲಾಗಿ ಬಂದು ಬಾಗಿಲಿಗೆ ಅಡ್ಡ ನಿಂತ ಹಾಗೆ, ಇನ್ನು ಮಾತು ನಡೆಯುವುದಿಲ್ಲ, ಅವಳ ಮಣಿಕಟ್ಟು ಹಿಡಿದೆ, ಬರಿಗೈಯಲ್ಲಿ, ಬಿಡಲಿಲ್ಲ, ಇನ್ನೊಂದು ಕೈಯ ಬೆರಳು ನಾಲಿಗೆಗೆ ತಾಗಿಸಿ ಮೇಜಿನ ಮೇಲಿದ್ದ ಕೆಂಪು ಟೇಪಿನ ಬಾಟಲಿಯ ಬಾಯಿಗೆ ಒಂದು ಸುತ್ತು ಉಜ್ಜಿದೆ, ಇಡೀ ಕೋಣೆಗೆ ಕೇಳಿಸಿತು.

ನಗು ನಿಂತಿತು. ಬೆರಳನ್ನು ನೋಡಿದಳು, ಬಾಟಲಿ ನೋಡಿದಳು, ಎಷ್ಟ್ ಸಲ ಹೀಗ್ ಮಾಡಿದೀರ, ಅಂದಳು, ಒಂದೇ ಸಲ, ನಿನ್ನದಕ್ಕೆ ಮಾತ್ರ, ಅಂದೆ, ಮಣಿಕಟ್ಟು ಬಿಡಿಸಿಕೊಂಡಳು, ಮೆಲ್ಲಗೆ, ಕೊಳವೆ ಹಿಮಕ್ಕೆ ವಾಪಸು, ಮುಚ್ಚಳ ಮುಚ್ಚಿತು, ನಾನು ಹಿಡಿದಿದ್ದ ಕೈಗವಸನ್ನು ಕಿತ್ತು ಹಳದಿ ಚೀಲಕ್ಕೆ ಹಾಕಿ ಹೊಸದನ್ನು ಏರಿಸಿಕೊಂಡಳು, ಮೇಲಿನವರ ಕೋಣೆಯ ಕಡೆ ನಡೆದಳು, ಮಾಮ ಅನ್ನಲಿಲ್ಲ, ಕನ್ನಡಕದವರು ತಲೆ ಎತ್ತುತ್ತಿಲ್ಲ, ಒಂದು ಕಥೆ ಹೇಳೋಣ ಅಂತ ಬಾಯಿ ತೆರೆದಿದ್ದೇನೆ, ಆನೆ, ಗುಬ್ಬಚ್ಚಿ, ಯಾವುದೂ ಬರುತ್ತಿಲ್ಲ, ಕಿಟಕಿ, ಬಿಸಿಲು, ಮೊದಲನೇದು ಕಪ್ಪು, ಎರಡನೇದು ಕಪ್ಪು, ಮೂರನೇ ಪಟ್ಟಿ ಬಿಳಿ, ಮೂರನೇ ಪಟ್ಟಿ