ಸುರೇಖಾ ಮುಟ್ಟದ ಬಾನೆಟ್

ಅಣ್ಣ ತಂಗಿ ಇಬ್ಬರೂ ಮೊದಲ ಸಲ ವಾದಕ್ಕೆ ಬಿದ್ದದ್ದು ಸೊಲ್ಲಾಪುರದ ಅಂಗಡಿಯೊಂದರಲ್ಲಿ, ಪಾಲಿಶ್ ಮಷಿನ್ನಿನ ವಿಷಯಕ್ಕೆ.

ಇಂಡಿಯ ಸುರೇಖಾ ವಿಜಯಪುರದ ಕಾರ್ ಶೋರೂಮಿನಲ್ಲಿ ಕೆಲವು ವರ್ಷ ದುಡಿದವಳು. ಸೇರಿದ್ದು ಸೀಟು ಒರೆಸುವ ಕೆಲಸಕ್ಕೆ. ಹೊರಬರುವ ಹೊತ್ತಿಗೆ ಗೀರು ಬಿದ್ದು ಮಂಕಾದ ಬಣ್ಣವನ್ನು ಮತ್ತೆ ಕನ್ನಡಿಯಂತೆ ಮಾಡುವ ಕೈ ಅವಳಿಗೆ ಬಂದಿತ್ತು. ಇಂಡಿ, ಸಿಂದಗಿಯಿಂದ ಬಂದ ಗಿರಾಕಿಗಳು ಅಷ್ಟು ದೂರದ ಹಾದಿ ಸವೆಸಿ, ಗಾಡಿ ಬಿಟ್ಟು, ಸಂಜೆಯವರೆಗೆ ಆಕಳಿಸುತ್ತ ಕೂರುವುದನ್ನು ನೋಡಿ ನೋಡಿ ಅವಳಿಗೆ ಹೊಳೆದದ್ದು ಒಂದೇ: ಇವರ ಮನೆ ಬಾಗಿಲಿಗೇ ನಾವು ಹೋದರೆ?

ಅಣ್ಣ ಅರುಣಕುಮಾರನ ಬಳಿ ಒಂದು ಛೋಟಾ ಹಾತಿ ಸರಕು ಗಾಡಿ ಇತ್ತು. ಈರುಳ್ಳಿ, ಸಿಮೆಂಟು ಏನು ಸಿಕ್ಕರೂ ಹೇರಿಕೊಂಡು ಬಾಡಿಗೆ ಓಡಿಸುತ್ತಿದ್ದ. ಗಾಡಿ ನಿನ್ನದು, ಕೆಲಸ ನನ್ನದು ಎಂದು ಸುರೇಖಾ ಹೇಳಿದಾಗ ಅವನು ಎರಡನೇ ಮಾತು ಆಡದೆ ಒಪ್ಪಿದ. ಸಂಬಳದಲ್ಲಿ ಉಳಿಸಿದ್ದನ್ನೆಲ್ಲ ಅವಳು ಸಾಮಾನಿಗೆ ಹಾಕಿದಳು.

ಅಂಗಡಿಯಲ್ಲಿ ಅರುಣ ಒಂದು ಭಾರೀ ಮಷಿನ್ ಎತ್ತಿಕೊಂಡ. “ಇದ ತಗೊಳ್ಳೂಣು. ಹೆಂಗ ಭರಭರ ತಿರಗತೈತಿ ನೋಡು. ಲಗೂನ ಗಾಡಿ ಮುಗಿತೈತಿ.”

“ಬ್ಯಾಡಣ್ಣಾ,” ಎಂದಳು ಸುರೇಖಾ. “ಅದು ಒಂದ ಜಾಗಾದಾಗ ತಿರಗತೈತಿ, ಬಣ್ಣ ಕಾಯತೈತಿ. ಕೈ ಒಂದೀಟ ನಿಂತ್ರ ಮ್ಯಾಲಿನ ಪದರ ಸುಟ್ಟ ಹೋಗತೈತಿ. ಈ ಸಣ್ಣದು ಅಲ್ಲಾಡಿಕೋಂತ ತಿರಗತೈತಿ. ತಡಾ ಆಗತೈತಿ ಖರೆ, ಆದ್ರ ಗಿರಾಕಿ ಗಾಡಿ ಹಾಳಾಗಂಗಿಲ್ಲ.”

“ಗಿರಾಕಿ ತಡಾ ಆದ್ರ ನಿಂದರ್ತಾನೇನ?”

“ಸುಟ್ಟ ಗಾಡಿ ಕೊಟ್ರ ನಿಂದರ್ತಾನೇನ?”

ಮರಾಠಿ ಮಾತಿನ ಅಂಗಡಿಯವನು ನಕ್ಕು, “ತಾಯಿ ಹೇಳೂದು ಬರೋಬರ್ ಐತಿ,” ಎಂದ. ಅರುಣ ಮಷಿನ್ ಕೆಳಗಿಟ್ಟ. ಆದರೆ ಹೊರಬರುವಾಗ ಮತ್ತೊಮ್ಮೆ ಹಿಂದಿರುಗಿ ಅದನ್ನು ನೋಡಿದ.

ಉಳಿದದ್ದಕ್ಕೆಲ್ಲ ಅವನು ತಲೆಯಾಡಿಸಿದ. ಆಸ್ಪತ್ರೆ, ಶಾಲೆಗಳ ಮುಂದೆಲ್ಲ ನಿಲ್ಲಬೇಕಾಗುತ್ತದೆ ಎಂದು ಸುರೇಖಾ ಸದ್ದು ಕಡಿಮೆ ಇರುವ ಜನರೇಟರ್ ಆರಿಸಿದಳು. ಒದ್ದೆಯನ್ನೂ ಧೂಳನ್ನೂ ಎಳೆಯುವ ವ್ಯಾಕ್ಯೂಮ್, ನೀರು ಚಿಮ್ಮಿಸುವ ಪಂಪು, ಗಾಡಿಯ ಬೆನ್ನಿಗೆ ಕೂರುವಂಥ ಟ್ಯಾಂಕು. ಇಂಡಿಯ ಬೋರಿನ ನೀರು ಸವಳು. ಬಿಸಿಲಿಗೆ ಒಣಗಿದರೆ ಬಣ್ಣದ ಮೇಲೆ ಬಿಳಿ ಚುಕ್ಕಿಗಳು ಕೂರುತ್ತವೆ. ಹಾಗಾಗಿ ಕೊನೆಯ ಸಲ ತೊಳೆಯುವುದಕ್ಕೆಂದೇ ಶುದ್ಧ ನೀರಿನ ಘಟಕದಿಂದ ಬೇರೆ ಕ್ಯಾನುಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಅರುಣನೇ ಅದನ್ನು ಹೊತ್ತು ತರುತ್ತಿದ್ದ.

ಕೆಲಸ ಹತ್ತಿತು. ಔಷಧಿಯ ಧೂಳು ಮೆತ್ತಿದ ಚಡಚಣದ ದ್ರಾಕ್ಷಿ ಬೆಳೆಗಾರರ ಜೀಪುಗಳು, ಸಿಂದಗಿಯ ಡಾಕ್ಟರುಗಳ ಕಾರುಗಳು, ಬಸವನ ಬಾಗೇವಾಡಿಯಲ್ಲಿ ಹೊಸ ಗಾಡಿ ಕೊಂಡ ಮೇಷ್ಟ್ರುಗಳು. ಸಿಂದಗಿಯ ಶಾಲೆಯಲ್ಲಿ ಕಲಿಸುವ ಮುಬೀನಾ ತಮ್ಮ ಹಳೆಯ ಕಾರನ್ನು ಸುರೇಖಾ ತೊಳೆದು ಒರೆಸಿ ಕೊಟ್ಟಾಗ ಬಾಗಿಲು ತೆರೆದು ಮೂಸಿ ನೋಡಿ, “ನಮ್ಮ ಹುಡುಗ್ರು ವಾಂತಿ ಮಾಡಿದ್ ವಾಸನಿ ಹೋಗೈತೆಲ್ಲವಾ!” ಎಂದು ಕುಣಿದಾಡಿದ್ದರು. ಊರಲ್ಲಿ ಎಲ್ಲರೂ ದರ, ದಿನ ಕೇಳುತ್ತಿದ್ದದ್ದು ಅರುಣನನ್ನೇ. ಅವನು ಮಾತ್ರ ತಂಗಿಯತ್ತ ಕೈ ತೋರಿಸುತ್ತಿದ್ದ. “ನಾ ಡ್ರೈವರ್ ರೀ. ಕಲಾಕಾರಳು ಆಕಿ. ಆಕಿನ್ನ ಕೇಳ್ರಿ.”

ಆ ಮಾತು ಕೇಳಿದಾಗಲೆಲ್ಲ ಸುರೇಖಾ ಬಗ್ಗಿಕೊಂಡು ಚಕ್ರ ಉಜ್ಜುವುದರಲ್ಲಿ ಮುಖ ಮರೆಸಿಕೊಳ್ಳುತ್ತಿದ್ದಳು. ಅಷ್ಟು ಖುಷಿ.

ಮಳೆಗಾಲ ಮುಗಿದ ಮೇಲೆ ಅವ್ವ ಚಂದವ್ವನ ಕಣ್ಣಿನ ಆಪರೇಶನ್ ಬಂತು. ಸುರೇಖಾ ಅವ್ವನ ಜೊತೆ ವಿಜಯಪುರದ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು. ಮುದ್ದೇಬಿಹಾಳದ ತೊಗರಿ ವ್ಯಾಪಾರಿ ಶಂಕರೆಪ್ಪ ಸಾವಕಾರರ ದೊಡ್ಡ ಗಾಡಿಗೆ ಮೊದಲೇ ದಿನ ಕೊಟ್ಟಾಗಿತ್ತು.

“ಬರೀ ತೊಳದ ಬರ್ತೇನಿ,” ಎಂದ ಅರುಣ. “ಪಾಲಿಶಿಗೆ ನೀ ಆಮ್ಯಾಲ ಬಾ.”

ತೊಳೆದು ಬಂದೆ ಎಂದೇ ಅವನು ಹೇಳಿದ. ಅದಾದ ಮೇಲೆ ಮುದ್ದೇಬಿಹಾಳದ ಮಾತು ಎತ್ತಿದರೆ, ದೂರ ಆಗುತ್ತದೆ, ಡೀಸೆಲ್ ಗಿಟ್ಟುವುದಿಲ್ಲ ಎನ್ನುತ್ತಿದ್ದ. ಬಾಗೇವಾಡಿ ಕಡೆಗೆ ಒಬ್ಬನೇ ಹೊರಡತೊಡಗಿದ. ನಿಡಗುಂದಿಗೆ ಸಿಮೆಂಟಿನ ಬಾಡಿಗೆ ಸಿಕ್ಕಿದೆ ಎನ್ನುತ್ತಿದ್ದ. ಸುರೇಖಾಳ ಫೋನಿಗೆ ಬರುವ ಕರೆಗಳು ಕಡಿಮೆಯಾದವು. ಚಳಿಗಾಲಕ್ಕೆ ಜನ ಗಾಡಿ ತೊಳೆಸುವುದು ಕಡಿಮೆ ಇರಬಹುದು ಎಂದು ಅವಳು ಅವ್ವನ ಕಣ್ಣಿಗೆ ಹನಿ ಹಾಕುತ್ತ ಮನೆಯಲ್ಲೇ ಉಳಿದಳು.

ನಿಜ ಹೇಳಿದ್ದು ಮುಬೀನಾ. ಅವರೇ ಒಂದು ಮಧ್ಯಾಹ್ನ ಫೋನ್ ಮಾಡಿದರು. “ಸುರೇಖಾ, ಒಂದ್ ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ. ಮುದ್ದೇಬಿಹಾಳದಾಗ ಯಾರದೋ ಗಾಡಿ ಬಾನೆಟ್ ಸುಟ್ಟಿಯಂತ ಹೌದೇನ? ನಮ್ಮ ಬೀಗರ ಮದಿವ್ಯಾಗ ಅದ ಮಾತ ನಡದಿತ್ತು. ಹೆಣ್ಣಮಕ್ಕಳ ಕೈಯಾಗ ಮಷಿನ್ ಕೊಟ್ರ ಮತ್ತೇನ ಆಗತೈತಿ ಅಂತ ಗಂಡಸ್ರು ನಗಾಕತ್ತಿದ್ರು. ನನಗ ನಂಬಿಕಿ ಬರಲಿಲ್ಲ.”

“ನಾನಲ್ರೀ ಅಕ್ಕೋರ,” ಎಂದಳು ಸುರೇಖಾ. “ಬ್ಯಾರೆ ಯಾರದೋ ಇರಬೇಕು.”

ಹಾಗೆಂದು ಫೋನ್ ಇಟ್ಟಳು. ಆದರೆ ಕೈಯಲ್ಲಿದ್ದ ಬಟ್ಟೆಯನ್ನು ಮಡಚಲು ಆಗಲಿಲ್ಲ. ಮರುದಿನ ಯಾರಿಗೂ ಹೇಳದೆ ಮುದ್ದೇಬಿಹಾಳದ ಬಸ್ಸು ಹತ್ತಿದಳು.

ಶಂಕರೆಪ್ಪನವರ ಅಡತಿ ಅಂಗಡಿಯ ಮುಂದೆ ಹಮಾಲರು ತೊಗರಿ ಚೀಲ ಇಳಿಸುತ್ತಿದ್ದರು. ಗೋದಾಮಿನ ನೆರಳಲ್ಲಿ ಮರೂನ್ ಬಣ್ಣದ ಗಾಡಿ ನಿಂತಿತ್ತು. ಹತ್ತಿರ ಹೋಗುವ ಮೊದಲೇ ಅವಳಿಗೆ ಕಂಡಿತು. ಬಾನೆಟ್ಟಿನ ಏಣು ಇರುವಲ್ಲಿ ಬಣ್ಣ ಕಿತ್ತು ಕೆಳಗಿನ ಬೂದು ಪದರ ಇಣುಕುತ್ತಿತ್ತು. ಸುತ್ತ ಬಸವನಹುಳು ತೆವಳಿದಂಥ ಮಬ್ಬು ಸುತ್ತುಗಳು. ಅವಳ ಮಷಿನ್ ಎಷ್ಟು ಹೊತ್ತು ಓಡಿದರೂ ಇಂಥ ಗಾಯ ಮಾಡುವಂಥದ್ದಲ್ಲ. ಇದು ಆ ಭಾರೀ ಮಷಿನ್ನಿನ ಕೆಲಸ. ಅರುಣ ಅದನ್ನು ಎಲ್ಲಿಂದಲೋ ತಂದಿದ್ದಾನೆ.

ಶಂಕರೆಪ್ಪ ಹೊರಗೆ ಬಂದಾಗ ಅವಳು ತನ್ನ ಹೆಸರು ಹೇಳಿದಳು. ಸಿಟ್ಟು ಮಾಡುತ್ತಾರೆಂದು ಅವಳು ಮೈ ಬಿಗಿಹಿಡಿದಿದ್ದಳು. ಅವರು ಸಿಟ್ಟು ಮಾಡಲಿಲ್ಲ.

“ಬಂದ್ಯಾ ತಂಗಿ? ಬಾ, ಚಾ ಕುಡಿ. ಆವತ್ತ ಅಂಜಿ ಬಸ್ ಹತ್ತಿ ಹೋದ್ಯಂತಲ್ಲ. ಯಾಕ ಅಂಜೂದು? ನಾ ಏನ ಹೊಡೀತಿದ್ನೇನ?”

“ನಾ... ಅಂಜಿ ಹೋದೆ ಅಂತ ಯಾರ್ ಹೇಳಿದ್ರಿ?”

“ನಿಮ್ಮಣ್ಣ. ನಾ ಬರೂದ್ರಾಗ ನೀ ಇರಲಿಲ್ಲ. ಅಂವಾ ಒಬ್ಬನ ಕೈ ಕಟಗೊಂಡ ನಿಂತಿದ್ದ. ತಂಗಿ ಕೈ ಜಾರಿತ್ರೀ ಸಾವ್ಕಾರ್ರ, ಆಕಿನ್ನ ಏನೂ ಅನಬ್ಯಾಡ್ರಿ ಅಂತ ಕಣ್ಣೀರ ತಗದ. ಅಂಥಾ ಅಣ್ಣನ್ನ ನೋಡಿ ನನ್ನ ಸಿಟ್ಟೂ ಇಳೀತು.”

ಹಮಾಲನೊಬ್ಬ ಚೀಲ ಇಳಿಸಿ ಇತ್ತ ನೋಡುತ್ತಿದ್ದ. ಗುಮಾಸ್ತನೂ ನೋಡುತ್ತಿದ್ದ. ಸುರೇಖಾ ಬಾಯಿ ತೆರೆದಳು. ಇಷ್ಟು ಜನರ ಮುಂದೆ ಅಣ್ಣನನ್ನು ಸುಳ್ಳ ಎಂದು ಕರೆಯುವುದೇ? ಹೆದರಿ ಹೇಳಿದ್ದಾನೆ. ಮನೆಗೆ ಹೋಗಿ ಕೇಳಿದರೆ ತಾನೇ ಬಂದು ಸರಿಮಾಡುತ್ತಾನೆ. ಅವಳು ತಲೆ ತಗ್ಗಿಸಿ, “ಹೌದ್ರಿ,” ಎಂದಳು.

ಆ ಒಂದು ಮಾತು ಅವಳ ಬಾಯಿಂದ ಹೊರಬಿದ್ದ ಮೇಲೆ ಶಂಕರೆಪ್ಪ ಸಮಾಧಾನದ ದನಿಯಲ್ಲಿ ಮುಂದುವರಿದರು. “ಇರ್ಲಿ ಬಿಡು. ಇನ್ ಮ್ಯಾಲ ಇಂಥಾ ಕೆಲಸಾ ಗಂಡಸ್ರಿಗಿ ಬಿಡು. ನಮ್ಮ ಅಳಿಯ ಬಸಂತರಾಯಂದು ಬಾಗೇವಾಡ್ಯಾಗ ಬಾಡಿಗಿ ಕಾರ್ ಅದಾವಲ್ಲ, ಅಷ್ಟೂ ತೊಳಿಯೂ ಕೆಲಸಾ ನಿಮ್ಮಣ್ಣಗ ಕೊಡಿಸೇನಿ. ಹುಡುಗಿ ಕೈಲೆ ಮಾತ್ರ ಗಾಡಿ ಮುಟ್ಟಸಬ್ಯಾಡ ಅಂದೆ. ಆತ್ರಿ ಅಂದ. ಹೇಳಿರಬೇಕಲ್ಲ ನಿನಗ?”

ನಿಡಗುಂದಿಯ ಸಿಮೆಂಟು ಬಾಡಿಗೆ ಎಂಬುದು ಏನೆಂದು ಅವಳಿಗೆ ಆಗ ತಿಳಿಯಿತು.

“ಸಾವ್ಕಾರ್ರ,” ಎಂದಳು. “ಆವತ್ತ ನಾ ಬಂದಿಲ್ರಿ. ನಮ್ಮವ್ವನ ಕಣ್ಣ ಆಪರೇಶನ್ನಿತ್ತು. ವಿಜಾಪುರ ದವಾಖಾನ್ಯಾಗ ಇದ್ದೆ. ಈ ಗಾಡಿ ನಾ ಮುಟ್ಟೇ ಇಲ್ಲ.”

ಶಂಕರೆಪ್ಪ ಚಹಾ ತರಲು ಗುಮಾಸ್ತನಿಗೆ ಸನ್ನೆ ಮಾಡಿ ಅವಳತ್ತ ತಿರುಗಿದರು. “ಈಗಷ್ಟ ಹೌದಂದ್ಯಲ್ಲವಾ. ಕೆಲಸಾ ಹೋತು ಅಂದ ಕೂಡ್ಲೆ ಅಣ್ಣನ ಮ್ಯಾಲ ಹಾಕ್ತೀ? ತಪ್ಪು ತಂಗಿ. ಹಂಗ ಮಾಡಬಾರ್ದು.” ಚಹಾ ಬಂತು. ಅವಳು ಕುಡಿಯಲಿಲ್ಲ.

ಇಂಡಿಗೆ ಬಂದಾಗ ಸಂಜೆಯಾಗಿತ್ತು. ಅರುಣ ಅಂಗಳದಲ್ಲಿ ಗಾಡಿ ನಿಲ್ಲಿಸಿ ಪೈಪು ಸುತ್ತುತ್ತಿದ್ದ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಸುರೇಖಾ ನೇರ ಗಾಡಿಯ ಹಿಂಬದಿಗೆ ಹೋಗಿ ಚೀಲಗಳನ್ನು ಎಳೆದಳು. ಅಡಿಯಲ್ಲಿ ಆ ಮಷಿನ್ ಇತ್ತು, ಸೊಲ್ಲಾಪುರದಲ್ಲಿ ಬೇಡವೆಂದದ್ದೇ. ಅದರ ಪ್ಯಾಡಿನಲ್ಲಿ ಮರೂನ್ ಬಣ್ಣ ಇಂಗಿ ಒಣಗಿತ್ತು.

“ಮುದ್ದೇಬಿಹಾಳಕ್ಕ ಹೋಗಿದ್ದೆ,” ಎಂದಳು.

ಅರುಣನ ಕೈ ಪೈಪಿನ ಮೇಲೆ ನಿಂತಿತು. “ಕುಂಡ್ರು. ಹೇಳ್ತೇನಿ.”

“ನಿಂತ ಕೇಳ್ತೇನಿ, ಹೇಳು.”

“ಲಗೂ ಮುಗಿಸೂಣು ಅಂತ ಮಾಡಾಕ ಹೋದೆ. ಕಿತ್ತ ಬಂತು. ಅಂವಾ ದೊಡ್ಡ ಮನಿಶ್ಯಾ, ಹಮಾಲ್ರು ಸುತ್ತ ನಿಂತಿದ್ರು. ಬಾಯಾಗ ನಿನ್ ಹೆಸರ ಬಂತು. ಹೆಣ್ಣಮಗಳ ಅಂದ್ರ ಬಿಡ್ತಾನ ಅಂತ ಅನಿಸ್ತು. ಬಿಟ್ಟಾ ನೋಡು, ಒಂದ್ ಮಾತ ಅನಲಿಲ್ಲ.”

“ಅಂಜಿ ಹೇಳಿದಿ, ಆತು. ಮರುದಿನ ಯಾಕ ಹೇಳಲಿಲ್ಲ? ಬಸಂತರಾಯನ ಕೆಲಸಾ ಹಿಡಿಯೂ ಮುಂದ ಯಾಕ ಹೇಳಲಿಲ್ಲ? ನನ್ನ ಕೈ ಬ್ಯಾಡ ಅಂದಾಗ ಆತ್ರಿ ಅಂದೆಲ್ಲಾ, ಆವಾಗ ಯಾರ್ ಅಂಜಿಸಿದ್ರು ನಿನ್ನ?”

ಅರುಣ ಮತ್ತೆ ಪೈಪು ಸುತ್ತತೊಡಗಿದ. ಮಾತಾಡಿದ್ದು ಅವ್ವ.

“ಎಷ್ಟ ಜಗ್ಗಾಡ್ತಿ ಬಿಡ ಸುರೇಖಾ. ನಾಳೆ ನೀ ಗಂಡನ ಮನಿಗಿ ಹೋಗಾಕಿ. ಈ ಕೆಲಸಾ ನಿನಗೇನ ಕಡೀತನಕಾ ಇರತೈತೇನ? ಅವನ ಹೆಸರ ಕೆಟ್ರ ಅವನ ಹೊಟ್ಟಿಗಿ ಕುತ್ತು. ನಿನ್ ಹೆಸರ ಹೇಳಿದ್ರ ಏನ ಹೋತು?”

ಸುರೇಖಾ ಅವ್ವನ ಕಡೆ ತಿರುಗಿದಳು. “ನಿನಗ ಗೊತ್ತಿತ್ತಾ ಯವ್ವಾ?”

ಚಂದವ್ವ ಕನ್ನಡಕ ಸರಿಮಾಡಿಕೊಂಡಳು. “ದವಾಖಾನಿಯಿಂದ ಬಂದ ದಿನಾನ ಹೇಳಿದ. ನಾನ ಸುಮ್ನಿರು ಅಂದೆ.”

ಆ ಕಣ್ಣಿಗೆ ತಾನು ಹನಿ ಹಾಕುವಾಗೆಲ್ಲ ಅವ್ವ ಇದನ್ನು ಒಳಗಿಟ್ಟುಕೊಂಡೇ ಮಲಗಿದ್ದಳು. ಅಣ್ಣನ ಸುಳ್ಳಿಗೆ ಸುರೇಖಾಳಿಗೆ ಸಿಟ್ಟು ಬಂದಿತ್ತು. ಇದಕ್ಕೆ ಸಿಟ್ಟೂ ಬರಲಿಲ್ಲ. ಒಳಗೆ ಹೋಗಿ ತನ್ನ ಬಟ್ಟೆ ಚೀಲಕ್ಕೆ ತುಂಬಿದಳು. ಗಾಡಿಯಿಂದ ತನ್ನ ಪಾಲಿಶ್ ಮಷಿನ್ ಮತ್ತು ವ್ಯಾಕ್ಯೂಮ್ ಇಳಿಸಿಕೊಂಡಳು. ಟ್ಯಾಂಕು ಗಾಡಿಯ ಬೆನ್ನಿಗೆ ಬೆಸೆದುಹೋಗಿತ್ತು, ಜನರೇಟರ್ ಒಬ್ಬಳಿಗೆ ಎತ್ತಲಾಗುವುದಿಲ್ಲ. ಅವನ್ನು ಬಿಟ್ಟಳು. ಅರುಣ ತಡೆಯಲಿಲ್ಲ. ಅದೊಂದು ಅವಳಿಗೆ ಬಹಳ ದಿನ ನೋಯುತ್ತಿತ್ತು: ಒಂದು ಸಲವಾದರೂ “ಎಲ್ಲಿಗಿ ಹೊಂಟಿ?” ಎನ್ನಬಹುದಿತ್ತು.

ಸಿಂದಗಿಯಲ್ಲಿ ಮುಬೀನಾ ತಮ್ಮ ಮನೆಯ ಹಿಂದಿನ ಕೋಣೆ ಕೊಟ್ಟರು. ಅವರ ಅತ್ತೆ ರಮಜಾನಬಿ ಮೊದಲ ವಾರ ಅವಳನ್ನು ಏನೂ ಕೇಳದೆ ರೊಟ್ಟಿ ಹಾಕಿದರು. ಆಮೇಲೆ ಸುರೇಖಾ ಮತ್ತೆ ಮೊದಲಿನಿಂದ ಯೋಚಿಸಿದಳು. ಹಳೆಯ ಸ್ಕೂಟಿಯೊಂದರ ಮೇಲೆ ಏನೇನು ಹೇರಬಹುದು? ನೀರೂ ಕರೆಂಟೂ ಗಿರಾಕಿಯ ಮನೆಯದೇ ಆಗಬೇಕು. ಹಾಗಾದರೆ ಹೊರಗೆ ತೊಳೆಯುವ ಕೆಲಸ ಬಿಟ್ಟು ಒಳಗಿನ ಸ್ವಚ್ಛತೆಯನ್ನೇ ಹಿಡಿಯಬೇಕು. ಹಬೆಯಿಂದ ಸೀಟಿನ ಜಿಡ್ಡು ಬಿಡಿಸುವ ಸಣ್ಣ ಮಷಿನ್ ಒಂದನ್ನು ತರಿಸಿದಳು. ಬ್ರಶ್ಶು, ಬಟ್ಟೆ, ತನ್ನ ವ್ಯಾಕ್ಯೂಮ್ ಸ್ಕೂಟಿಯಲ್ಲಿ ಕಾಲ ಬಳಿ ಕೂತವು. ಗಾಡಿ ಇರುವ ಶಾಲೆಯ ಅಕ್ಕೋರುಗಳು, ನರ್ಸುಗಳು, ಬ್ಯಾಂಕಿನ ಮೇಡಂಗಳು ಒಬ್ಬರಿಂದೊಬ್ಬರು ಕೇಳಿ ಕರೆದರು. ಮೊದಲಿನಷ್ಟು ಕೆಲಸವಿರಲಿಲ್ಲ. ಮುದ್ದೇಬಿಹಾಳದ ಮಾತು ಸಿಂದಗಿಗೂ ಬಂದಿತ್ತು. ಕೆಲವರು ಸೀಟು ತೊಳೆಯಲು ಕೊಟ್ಟು, “ಪಾಲಿಶ್ ಬ್ಯಾಡವಾ, ಅದೊಂದ ಬ್ಯಾಡ,” ಎಂದು ಮೊದಲೇ ಹೇಳಿಬಿಡುತ್ತಿದ್ದರು. ಪ್ರತಿ ಸಲ ವಿವರಿಸುವುದನ್ನು ಅವಳು ಬಿಟ್ಟುಬಿಟ್ಟಳು.

ಬೇಸಗೆಯಲ್ಲಿ ಒಂದು ದಿನ, ನರ್ಸ್ ಒಬ್ಬರ ಕಾರಿನೊಳಗೆ ಕೂತು ಬ್ರಶ್ ಆಡಿಸುತ್ತಿದ್ದಾಗ ಅರುಣನ ಫೋನ್ ಬಂತು. ಮನೆ ಬಿಟ್ಟ ಮೇಲೆ ಮೊದಲ ಸಲ. ಕೊನೆಗೂ ಮಾಡಿದ ಎಂದುಕೊಂಡಳು.

“ಆರಾಮಿದ್ದಿಯಾ?” ಎಂದ. “ಅವ್ವ ನೆನಸ್ತಾಳ ನಿನ್ನ.”

“ಹೂಂ.”

“ಒಂದ್ ಕೆಲಸಾ ಆಗಬೇಕಿತ್ತ ಸುರೇಖಾ. ಬಸಂತರಾಯನ ಸ್ವಂತದ ಗಾಡಿ, ಹೊಸಾದು. ಪಾಲಿಶ್ ಬೇಕಂತ ಕುಂತಾನ. ನನಗ ಧೈರ್ಯ ಬರವಲ್ದು. ಅಂವಾ ಊರಾಗಿಲ್ಲ, ಎರಡ ದಿನಾ ಬರಂಗಿಲ್ಲ. ಕೀಲಿ ನನ್ನ ಕಡೆನ ಐತಿ. ನೀ ಬಂದ ಮಾಡಿ ಹೋಗು. ಯಾರಿಗೂ ಗೊತ್ತಾಗಂಗಿಲ್ಲ.”

ಸುರೇಖಾ ಕಾರಿನ ಬಾಗಿಲು ತೆರೆದು ಹೊರಗೆ ಬಂದಳು. ಬಿಸಿಲು ಮುಖಕ್ಕೆ ಹೊಡೆಯಿತು.

“ಕೆಟ್ಟಿದ್ದೆಲ್ಲಾ ನಂದು, ಛಲೋ ಆಗಿದ್ದೆಲ್ಲಾ ನಿಂದು, ಹೌದಲ್ಲಣ್ಣಾ?”

“ಹಂಗ್ಯಾಕಂತಿ. ಹಳೇದ ಎಷ್ಟ ದಿನಾ ಹಿಡ್ಕೊಂಡ ಕುಂಡ್ರತಿ?”

“ಬರ್ತೇನಿ,” ಎಂದಳು ಅವಳು. “ಆದ್ರ ಮೊದಲ ಶಂಕರೆಪ್ಪ ಸಾವ್ಕಾರ್ರ ಕಡಿ ಹೋಗು. ಆ ಹಮಾಲ್ರ ಮುಂದನ ನಿಂತು ಹೇಳು, ಬಾನೆಟ್ ಸುಟ್ಟಾಂವ ನಾನು ಅಂತ. ಅವರ ಬಾಯಿಂದ ನನಗ ಫೋನ್ ಬರ್ಲಿ. ಆ ದಿನಾನ ಬರ್ತೇನಿ, ಒಂದ್ ಪೈಸಾ ತಗೊಳ್ಳಂಗಿಲ್ಲ.”

ಅವನ ಹಿಂದೆ ಎಲ್ಲೋ ನೀರಿನ ಪಂಪು ಓಡುತ್ತಿತ್ತು.

“ಕೆಲಸಾ ಹೋಗತೈತಿ ನಂದು,” ಎಂದ ಅರುಣ ಕೊನೆಗೆ.

“ನಂದು ಹೋತಲ್ಲ.”

ಅವನು ಫೋನ್ ಇಟ್ಟ. ಶಂಕರೆಪ್ಪನವರ ಫೋನ್ ಅಂದೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೆ ಗೊತ್ತಿದ್ದರೂ, ಗುರುತಿಲ್ಲದ ನಂಬರಿನಿಂದ ಕರೆ ಬಂದಾಗಲೆಲ್ಲ ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಓಡಿಬಂದು ಎತ್ತುತ್ತಿದ್ದಳು.